111.2 ಚೀಲ ಅಂದರೆ ಎಷ್ಟು?

ನಮ್ಮ ಗಂಗಾವತಿ ಕಡೆ ಭತ್ತದ ಚೀಲ ಅಂದರೆ 75 ಕೆಜಿ. ಇದನ್ನು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ನಾನು ರೈಸ್ ಮಿಲ್ಲುಗಳಿಗೆ, ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುತ್ತೇನೆ, ಜಾಸ್ತಿ ಓಪನ್ ಸೋರ್ಸ್‌ದೇ, ಅಂದರೆ ಕೋಡ್ ಎಲ್ಲರಿಗೂ ತೆರೆದಿಟ್ಟದ್ದು. ಒಂದು ದಿನ ಒಂದು ಮಿಲ್ಲಿನ ಗುಮಾಸ್ತರು ಫೋನ್ ಮಾಡಿ "ಸರ್, ನಿಮ್ ಕಂಪ್ಯೂಟರ್ ಲೆಕ್ಕ ತಪ್ಪೈತ್ರೀ" ಅಂದರು. ಹೋಗಿ ನೋಡಿದೆ. ಕಾಟಾ ಚೀಟಿಯಲ್ಲಿ 8,340 ಕೆಜಿ, ಬಿಲ್ಲಿನಲ್ಲಿ 111.2 ಚೀಲ. ಲೆಕ್ಕ ಸರಿಯಾಗೇ ಇದೆ. ಆದರೆ ಅವರು ಅದನ್ನು 111 ಚೀಲ 2 ಕೆಜಿ ಅಂತ ಓದಿದ್ದರು. ನಿಜಕ್ಕೂ ಅದು 111 ಚೀಲ 15 ಕೆಜಿ. ಭತ್ತ ತಂದ ರೈತ ಎದುರಿಗೇ ನಿಂತಿದ್ದ.

ಅವತ್ತು ರಾತ್ರಿಯೇ ಆ ಸಾಫ್ಟ್‌ವೇರ್ ಪ್ರಾಜೆಕ್ಟಿನ ಇಶ್ಯೂ ಟ್ರ್ಯಾಕರ್‌ನಲ್ಲಿ, ಅಂದರೆ ದೂರು, ಬೇಡಿಕೆ (ಇಶ್ಯೂ) ಬರೆಯುವ ಆನ್‌ಲೈನ್ ಪುಟದಲ್ಲಿ, "ಚೀಲ ಅನ್ನೋ ಯೂನಿಟ್ ಸೇರಿಸಿ" ಅಂತ ಒಂದೇ ಸಾಲು ಬರೆದೆ. ಎರಡು ದಿನಕ್ಕೆ ಆ ಇಶ್ಯೂ ಮುಚ್ಚಿದರು. ಯೂನಿಟ್ ನೀವೇ ಸೇರಿಸಿಕೊಳ್ಳಬಹುದು ಅಂತ ಉತ್ತರ. ಸಿಟ್ಟು ಬಂತು, ಆಮೇಲೆ ನಗು ಬಂತು. ಆ ಯೂನಿಟ್ ನಾನೇ ಸೇರಿಸಿದ್ದಕ್ಕೇ ಅಲ್ವಾ 111.2 ಬಂದಿದ್ದು! ತೊಂದರೆ ಏನು ಅಂತ ಹೇಳದೆ ಪರಿಹಾರ ಕೇಳಿದ್ದೆ, ಅದೂ ತಪ್ಪು ಪರಿಹಾರ.

ಎರಡನೇ ಸಲ ಏನೂ ಕೇಳಲಿಲ್ಲ. ಚೀಟಿಯಲ್ಲಿ ಎಷ್ಟಿತ್ತು, ಬಿಲ್ಲಿನಲ್ಲಿ ಏನು ಬಂತು, ಓದಿದವರು ಏನಂದುಕೊಂಡರು, ಇಷ್ಟೇ ಬರೆದೆ. ನನ್ನ ಮುರುಕು ಇಂಗ್ಲಿಷಿನಲ್ಲೇ, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಬಿಲ್ಲಿನ ಫೋಟೋ ಹಾಕುವಾಗ ಮಾತ್ರ ಕೈ ನಿಂತಿತು, ರೈತನ ಹೆಸರು, ಫೋನ್ ನಂಬರ್ ಎರಡೂ ಅದರಲ್ಲಿದ್ದವು. ಟ್ರ್ಯಾಕರ್ ಊರಿಗೆಲ್ಲ ಕಾಣುವ ಗೋಡೆ ಇದ್ದ ಹಾಗೆ. ಅವೆರಡನ್ನೂ ಅಳಿಸಿ ಆಮೇಲೆ ಫೋಟೋ ಹಾಕಿದೆ. ವಾರದೊಳಗೆ ಬೇರೆ ದೇಶದವರೊಬ್ಬರು, ನಮ್ಮಲ್ಲಿ ಡಜನ್ ಲೆಕ್ಕದಲ್ಲೂ ಇದೇ ಗೋಳು, 5.25 ಡಜನ್ ಅಂದರೆ 5 ಡಜನ್ 3 ಅಂತ ಗಿರಾಕಿಗೆ ಗೊತ್ತಾಗುವುದಿಲ್ಲ ಅಂತ ಬರೆದರು. ಆಗ ಪ್ರಾಜೆಕ್ಟಿನವರೇ, ಪ್ರಿಂಟ್‌ನಲ್ಲಿ ದೊಡ್ಡ ಯೂನಿಟ್, ಉಳಿದದ್ದು ಚಿಕ್ಕ ಯೂನಿಟ್ ಅಂತ ತೋರಿಸಿದರೆ ಹೇಗೆ ಅಂತ ಕೇಳಿದರು. ನನ್ನ ತಲೆಯಲ್ಲಿದ್ದದ್ದು ಇನ್ನೊಂದು ಕಾಲಂ. ಅವರದ್ದೇ ಚೆನ್ನಾಗಿತ್ತು.

ನೀವೂ ಇಂಥದ್ದು ಬರೆಯುವ ಮುಂಚೆ ಹುಡುಕಿ, ಮುಚ್ಚಿದ ಇಶ್ಯೂಗಳಲ್ಲೂ. ಇಂಥ ಪ್ರಾಜೆಕ್ಟುಗಳನ್ನು ಇಡುವ ಗಿಟ್‌ಹಬ್ ತಾಣ ಮೊದಲು ತೋರಿಸುವುದು ತೆರೆದವನ್ನು ಮಾತ್ರ, ಹಾಗಾಗಿ ಬೇಡ ಅಂತ ಹಿಂದೆಯೇ ತೀರ್ಮಾನವಾದದ್ದು ಕಣ್ಣಿಗೆ ಬೀಳುವುದಿಲ್ಲ. ನಿಮ್ಮ ಮಾತನ್ನೇ ಬೇರೆಯವರು ಬರೆದಿದ್ದರೆ ಕೆಳಗೆ "ನನಗೂ ಬೇಕು" ಅಂತ ಸುಮ್ನೆ ಬರೆಯಬೇಡಿ, ಅಲ್ಲಿ ಇರುವವರಿಗೆಲ್ಲ ಮೇಲ್ ಹೋಗುತ್ತದೆ. ಅದರ ಕೆಳಗಿನ ಹೆಬ್ಬೆರಳಿನ ಗುರುತು (👍) ಒತ್ತಿ, ಗಿಟ್‌ಹಬ್‌ನಲ್ಲಿ 2016ರಿಂದ ಅದು ಇದೆ. ಅದು ಬರೀ ಮರ್ಯಾದೆಗೂ ಅಲ್ಲ: ಕೋಡ್ ಬರೆಯಲು ಬಳಸುವ ವಿಎಸ್ ಕೋಡ್ ಸಾಫ್ಟ್‌ವೇರ್‌ನವರು ಹೊರಗಿನವರ ಬೇಡಿಕೆಗೆ 60 ದಿನದಲ್ಲಿ 20 ಹೆಬ್ಬೆರಳು ಬೀಳಬೇಕು ಅಂತ ನಿಯಮವನ್ನೇ ಇಟ್ಟುಕೊಂಡಿದ್ದಾರೆ. ಪೈಥಾನ್, ರಸ್ಟ್‌ನಂಥ ಪ್ರೋಗ್ರಾಮಿಂಗ್ ಭಾಷೆಯನ್ನೇ ಬದಲಿಸುವ ಐಡಿಯಾ ಇದ್ದರೆ ದಾರಿ ಬೇರೆ, ಪೈಥಾನ್‌ಗಾದರೆ ಪೆಪ್, ರಸ್ಟ್‌ಗಾದರೆ ಆರ್‌ಎಫ್‌ಸಿ ಅನ್ನುವ ಪೂರ್ತಿ ಪ್ರಸ್ತಾವದ ಬರಹವನ್ನೇ ಕೊಡಬೇಕು. ಸೆಕ್ಯುರಿಟಿ ತೂತು ಸಿಕ್ಕರೆ ಟ್ರ್ಯಾಕರ್‌ಗೆ ಹಾಕಲೇಬೇಡಿ, ಅದಕ್ಕೆ ಅವರು ಗುಟ್ಟಾಗಿ ತಿಳಿಸುವ ವಿಳಾಸ ಕೊಟ್ಟಿರುತ್ತಾರೆ.

ಕೋಡ್ ಬರೆಯಲು ಬರುವವರಿಗೆ ಒಂದು ಮಾತು. ಮೊದಲು ಕೇಳಿ, ಆಮೇಲೆ ಬರೆಯಿರಿ. ಒಂದು ಸಲ ನಾನು ಮೂರು ರಾತ್ರಿ ಕೂತು ಬರೆದದ್ದನ್ನು "ಇದು ನಮ್ಮ ಪ್ರಾಜೆಕ್ಟಿನ ಕೆಲಸವಲ್ಲ" ಅಂತ ವಾಪಸ್ ಕಳಿಸಿದ್ದರು.

ನನ್ನ ಇಶ್ಯೂ ಇನ್ನೂ ತೆರೆದೇ ಇದೆ. ಆ ಜನ ಸಂಬಳವಿಲ್ಲದೆ, ಬಿಡುವಿನಲ್ಲಿ ಮಾಡುತ್ತಾರೆ, ತಿಂಗಳಿಗೊಮ್ಮೆ "ಏನಾಯ್ತು" ಅಂತ ಕೇಳಲು ನನಗೆ ಬಾಯಿ ಬರುವುದಿಲ್ಲ. ಅಲ್ಲಿಯವರೆಗೆ ಅಂತ ಮಿಲ್ಲಿನ ಬಿಲ್ಲಿನ ಪ್ರಿಂಟ್ ನಾನೇ ತಿದ್ದಿಕೊಟ್ಟೆ. 111 ಚೀಲ 15 ಕೆಜಿ ಅಂತ ನೋಡಿ ಗುಮಾಸ್ತರು ತಲೆಯಾಡಿಸಿದರು. "ಈಗ ಸರಿ ಆತ್ರೀ. ಖಾಲಿ ಚೀಲದ ತೂಕಾನೂ ಅದಾ ಕಳೀತೈತೇನ್ರೀ?"

ಅದು ಬೇರೆ ಇಶ್ಯೂ. ಬೇರೆಯಾಗೇ ಬರೆದೆ.