ಚಿಪ್ಪಿಗೆ ದೃಷ್ಟಿ ತಾಗಿಲ್ಲ, ಗಡಿಯಾರ ನಿಧಾನವಾಗಿದೆ

ಗಂಗಾವತಿ, ರಾಯಚೂರು ಕಡೆ ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿಗೆ ನಿಂಬೆಹಣ್ಣು ಕಟ್ಟುವುದುಂಟು. ಕಟ್ಟಲಿ, ಬೋರ್ಡಿಗೇನೂ ಆಗದು. ಸಿಟ್ಟು ಬರುವುದು ಎಲೆಕ್ಟ್ರಾನಿಕ್ಸ್ ಓದಿದವರೂ ಮಾತು ಕೇಳದ ಮೈಕ್ರೊಕಂಟ್ರೋಲರನ್ನು (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರನ್ನು) ‘ಸತ್ತೈತಿ’ ಎಂದು ಕಸಕ್ಕೆಸೆದಾಗ. ಬಹಳ ಸಲ ಅದು ಬದುಕೇ ಇರುತ್ತದೆ.

ಚಿಪ್ಪಿಗೆ ಪ್ರೋಗ್ರಾಂ ಬರೆಯುವ ಸಾಧನ, ಅಂದರೆ ಪ್ರೋಗ್ರಾಮರ್, ಮನೆಯಲ್ಲೇ ಆಗುತ್ತದೆ: ಒಂದು ಆರ್ಡುಯಿನೊ ಊನೊ ಬೋರ್ಡು, ಬರೆಸಿಕೊಳ್ಳುವ ಒಂದು ಎಟಿಟೈನಿ85 ಚಿಪ್, ಆರು ಜಂಪರ್ ವೈರು, 10 ಮೈಕ್ರೊಫ್ಯಾರಡ್ ಕೆಪಾಸಿಟರ್. ಊನೊಗೆ ಮೊದಲು ಆರ್ಡುಯಿನೊಐಎಸ್‌ಪಿ ಸ್ಕೆಚ್ ಏರಿಸಿ; ಊನೊವನ್ನು ಪ್ರೋಗ್ರಾಮರ್ ಮಾಡುವ ಪ್ರೋಗ್ರಾಂ ಅದು. ಅದರ 10ನೇ ಪಿನ್ ಚಿಪ್ಪಿನ 1ಕ್ಕೆ, 11 5ಕ್ಕೆ, 12 6ಕ್ಕೆ, 13 7ಕ್ಕೆ. 5 ವೋಲ್ಟ್ 8ಕ್ಕೆ, ಗ್ರೌಂಡ್ 4ಕ್ಕೆ. ಆಮೇಲಷ್ಟೇ ಕೆಪಾಸಿಟರ್, ಪ್ಲಸ್ ಊನೊದ ರೀಸೆಟ್‌ಗೆ, ಮೈನಸ್ ಗ್ರೌಂಡ್‌ಗೆ. ಮೊದಲೇ ಹಾಕಿದರೆ ಸ್ಕೆಚ್ ಏರದು. ಹಾಕದೇ ಬಿಟ್ಟರೆ ಪೋರ್ಟ್ ತೆರೆದೊಡನೆ ಊನೊ ರೀಸೆಟ್ ಆಗಿ, ಸ್ಕೆಚ್ಚಿನ ಬದಲು ಊನೊಗೆ ಸ್ಕೆಚ್ ಏರಿಸಿಕೊಳ್ಳುವ ಬೂಟ್‌ಲೋಡರ್ ಮಾತಾಡುತ್ತದೆ.

ಈಗ ಗಡಿಯಾರ, ಅಂದರೆ ಚಿಪ್ ಹೆಜ್ಜೆ ಹಾಕುವ ತಾಳ. ಅಕ್ಕಿ ಗಿರಣಿಯಲ್ಲಿ ಲಾರಿ ಮೇಲಿನವ ಮೂಟೆ ಜಾರಿಸುತ್ತಾನೆ, ಕೆಳಗಿನ ಹಮಾಲ ಬೆನ್ನು ಕೊಡುತ್ತಾನೆ. ಆತ ತಿರುಗಿ ಬರುವ ಮುಂಚೆ ಇನ್ನೊಂದು ಬಿಟ್ಟರೆ ಮೂಟೆ ನೆಲಕ್ಕೆ. ತಪ್ಪು ಹಮಾಲನದಲ್ಲ. ಹೊಸ ಎಟಿಟೈನಿ85 ಒಳಗಿನ 8 ಮೆಗಾಹರ್ಟ್ಸನ್ನು ಎಂಟರಿಂದ ಭಾಗಿಸಿ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಪ್ರೋಗ್ರಾಮಿಂಗ್ ಗಡಿಯಾರ ಅದರ ಕಾಲುಭಾಗಕ್ಕಿಂತ, ಅಂದರೆ 250 ಕಿಲೋಹರ್ಟ್ಸ್‌ಗಿಂತ ಕಡಿಮೆ ಇರಬೇಕು. ಆರ್ಡುಯಿನೊಐಎಸ್‌ಪಿ ಸುಮಾರು 166ರಲ್ಲಿ ಕಳಿಸುತ್ತದೆ, ಸರಿ. ಯುಎಸ್‌ಬಿಎಎಸ್‌ಪಿ ಎಂಬ ಇನ್ನೊಂದು ಪ್ರೋಗ್ರಾಮರ್ 375ರಲ್ಲಿ ಕಳಿಸಿದರೆ ಮೂಟೆ ನೆಲಕ್ಕೇ. ಪರೀಕ್ಷೆ ಸುಲಭ: ಮೊದಲ ಆದೇಶದ ಎರಡನೇ ಬೈಟ್ ಹೆಕ್ಸ್ 53, ಮೂರನೆಯದು ಹೋಗುವಾಗ ಚಿಪ್ ಅದನ್ನೇ ಮರಳಿಸಬೇಕು. ಮರಳದಿದ್ದರೆ ಸ್ಕೆಚ್ಚಿನಲ್ಲಿ ಎಸ್‌ಪಿಐ ಗಡಿಯಾರವನ್ನು, ಅದೇ ಪ್ರೋಗ್ರಾಮಿಂಗ್ ಗಡಿಯಾರವನ್ನು, 20000 ಹರ್ಟ್ಸ್‌ಗೆ ಇಳಿಸಿ.

ಪ್ರೋಗ್ರಾಂ ಹಿಡಿದಿಡುವ ಹಳೆಯ ಇಪ್ರಾಮ್ ಚಿಪ್ಪುಗಳನ್ನು ಅಳಿಸಲು ಗಾಜಿನ ಕಿಂಡಿಗೆ ಹತ್ತಿಪ್ಪತ್ತು ನಿಮಿಷ ಅತಿನೇರಳೆ ದೀಪ ಹಿಡಿಯಬೇಕಿತ್ತು. ಬೋರ್ಡಿನಲ್ಲೇ ಮತ್ತೆ ಮತ್ತೆ ಬರೆಯುವ ಎವಿಆರ್ (ಎಟಿಟೈನಿ85ರ ವಂಶ) ಹುಟ್ಟಿದ್ದು ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ, ಬೋಗನ್ ಮತ್ತು ವೊಲ್ಲಾನ್ ಎಂಬಿಬ್ಬರು ವಿದ್ಯಾರ್ಥಿಗಳ ಕೈಯಲ್ಲಿ. ನಾವೋ, 20 ಸೆಕೆಂಡಿಗೇ ತಾಳ್ಮೆಗೆಡುತ್ತೇವೆ.

ಫ್ಯೂಸ್, ಅಂದರೆ ಚಿಪ್ಪಿನೊಳಗಿನ ಸೆಟ್ಟಿಂಗ್, ತಪ್ಪಿ ಹೊರಗಿನ ಗಡಿಯಾರ ಆರಿಸಿದ್ದರೆ ಚಿಪ್ ಕಾಯುತ್ತಾ ಕೂತಿರುತ್ತದೆ. 2ನೇ ಕಾಲಿಗೆ ಇನ್ನೊಂದು ಬೋರ್ಡಿನಿಂದ 1 ಮೆಗಾಹರ್ಟ್ಸ್ ಚೌಕ ಅಲೆ ಕೊಡಿ, ಏಳುತ್ತದೆ.

ಪ್ರೋಗ್ರಾಮಿನ ತಪ್ಪು ಹುಡುಕುವ ಡಿಬಗರಿಗೂ ಅದೇ ಊನೊ ಸಾಕು, ಡಿಡಬ್ಲ್ಯು-ಲಿಂಕ್ ಫರ್ಮ್‌ವೇರ್ ಹಾಕಿದರೆ. ಚಿಪ್ಪಿನ ಡಿಬಗ್ ದಾರಿಯಾದ ಡಿಬಗ್‌ವೈರ್ ರೀಸೆಟ್‌ನ ಒಂದೇ ತಂತಿಯಲ್ಲಿ ಮಾತಾಡುವುದರಿಂದ ಚಿಪ್ಪಿನ ಆ ಕಾಲಿನಲ್ಲಿ ಕೆಪಾಸಿಟರ್ ಇರಕೂಡದು. ಡಿಬಗ್ ಫ್ಯೂಸ್ ಹಾಕಿದ ಮೇಲೆ ಐಎಸ್‌ಪಿ, ಅಂದರೆ ಮೊದಲಿನ ಪ್ರೋಗ್ರಾಮಿಂಗ್ ದಾರಿ, ಮೌನ. ಆಗಲೂ ‘ಸತ್ತೈತಿ’ ಎನ್ನಬೇಡಿ. ಡಿಬಗ್‌ವೈರ್‌ನಿಂದ ಹೊರಬರುವ ಆದೇಶ ಕೊಟ್ಟು, ಪವರ್ ತೆಗೆಯದೇ ಐಎಸ್‌ಪಿಯಿಂದ ಆ ಫ್ಯೂಸ್ ಬಿಡಿಸಿ. ರೀಸೆಟ್ ಕಾಲನ್ನೇ ಫ್ಯೂಸಿನಿಂದ ಮುಚ್ಚಿದ್ದರೆ ಮಾತ್ರ 12 ವೋಲ್ಟಿನ ಪ್ರೋಗ್ರಾಮರ್ ಬೇಕು.