ಲೈಟಿಂಗ್ ಕೆಲಸದ ಕೊನೆಯ ರಾತ್ರಿಗಳನ್ನು ಕತ್ತರಿಸಬೇಡಿ

ಹೋಟೆಲ್ ಕಟ್ಟಿಸುವವರ ಬಜೆಟ್ ಬಿಗಿಯಾದರೆ, ಲೈಟಿಂಗ್ ಕನ್ಸಲ್ಟೆಂಟ್ ಫೀಯಲ್ಲಿ ಮೊದಲು ಕತ್ತರಿ ಬೀಳುವುದು ಕೊನೆಯ ಪ್ರವಾಸಕ್ಕೆ. ‘ಡ್ರಾಯಿಂಗ್ ಕೊಟ್ಟಾಯಿತು, ಯಾವ ಫಿಟ್ಟಿಂಗ್ ಅಂತ ಬರೆದೂ ಆಯಿತು. ಇನ್ನು ನೀವು ಬಂದು ಮಾಡುವುದೇನಿದೆ?’ ಸಿಂಗಪುರ, ಬ್ಯಾಂಕಾಕ್, ಬಾಲಿ, ಟೋಕಿಯೊ, ಎಲ್ಲಿ ಹೋದರೂ ಈ ಪ್ರಶ್ನೆ ತಪ್ಪಿದ್ದಲ್ಲ. ನಾನು ಹೇಳುವುದು ಇಷ್ಟೇ: ಬೇಕಾದರೆ ಶುರುವಿನ ಮೀಟಿಂಗ್‌ಗಳನ್ನೆಲ್ಲ ವಿಡಿಯೊ ಕಾಲ್‌ನಲ್ಲೇ ಮುಗಿಸೋಣ, ಕೊನೆಯ ರಾತ್ರಿಗಳನ್ನು ಮಾತ್ರ ಮುಟ್ಟಬೇಡಿ.

ಆ ರಾತ್ರಿಗಳಲ್ಲಿ ನಡೆಯುವುದು ಫೋಕಸಿಂಗ್, ಅಂದರೆ ಒಂದೊಂದು ದೀಪವನ್ನೂ ತಿರುಗಿಸಿ ಬೆಳಕು ಬೇಕಾದ ಕಡೆಗೇ ಬೀಳುವಂತೆ ಹೊಂದಿಸುವುದು. ಲಾಬಿಯಲ್ಲಿ ಒಂದು ಕಲ್ಲಿನ ಬುದ್ಧನ ವಿಗ್ರಹ ಇದೆ ಅನ್ನಿ. ಅದಕ್ಕೆ ಸೀಲಿಂಗ್‌ನಿಂದ 10 ಡಿಗ್ರಿ ಬೀಮಿನ, ಅಂದರೆ ಬೆಳಕು ಅಷ್ಟೇ ಕೋನದಲ್ಲಿ ಹರಡುವ ಸ್ಪಾಟ್‌ಲೈಟ್. ಎಲೆಕ್ಟ್ರಿಷಿಯನ್ ಏಣಿ ಮೇಲೆ, ಕೈಯಲ್ಲಿ ಅಲೆನ್ ಕೀ. ನಾನು ಕೆಳಗೆ, ಅತಿಥಿಗಳು ಕೂರುವ ಸೋಫಾದಲ್ಲಿ. ಬೆಳಕು ನೆತ್ತಿಯಿಂದ ನೇರ ಬಿದ್ದರೆ ವಿಗ್ರಹದ ಕಣ್ಣು ಕಪ್ಪು ಗುಳಿಯಾಗುತ್ತದೆ. ಸುಮಾರು 30 ಡಿಗ್ರಿ ಓರೆಯಾಗಿ ಬಂದರೆ ರೆಪ್ಪೆ, ತುಟಿ, ಬಟ್ಟೆಯ ನೆರಿಗೆ ಎಲ್ಲ ಎದ್ದು ಕಾಣುತ್ತದೆ. ಆದರೆ ನಿಂತಾಗ ಚೆನ್ನಾಗಿ ಕಂಡ ದೀಪ ಕೂತಾಗ ಕಣ್ಣಿಗೆ ಚುಚ್ಚಬಹುದು. ಆಗ ದೀಪವನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಬೇಕು, ಇಲ್ಲವೇ ಜೇನುಗೂಡಿನಂಥ ಜಾಲರಿ ಹಾಕಬೇಕು. ಮತ್ತೆ ಎದ್ದು, ಬಾಗಿಲಿನಿಂದ ನಡೆದು ಬಂದು ನೋಡಬೇಕು. ಸರಿ ಅನ್ನಿಸಿದ ಮೇಲೆ ಸ್ಕ್ರೂ ಬಿಗಿ, ಕೋನಕ್ಕೆ ಮಾರ್ಕರ್ ಗುರುತು, ಮುಂದಿನ ದೀಪ. ಎಡ, ಬಲ, ಮೇಲೆ, ಕೆಳಗೆ, ಸಾಕು: ಇಷ್ಟು ಮಾತನ್ನು ಆಯಾ ಊರಿನ ಭಾಷೆಯಲ್ಲಿ ಕಲಿತಿದ್ದರೆ ಕೆಲಸ ಬೇಗ ಸಾಗುತ್ತದೆ.

ಇದನ್ನೆಲ್ಲ ಕಂಪ್ಯೂಟರ್‌ನಲ್ಲೇ ಮಾಡಬಹುದಲ್ವಾ? ಅರ್ಧ ಮಾಡಬಹುದು. ಜಪಾನಿನಲ್ಲಿ ಕರೆಂಟು 100 ವೋಲ್ಟ್, ಹಾಗಾಗಿ 220–240 ವೋಲ್ಟ್‌ಗೆಂದೇ ಮಾಡಿದ ಡ್ರೈವರ್ (ಎಲ್‌ಇಡಿ ದೀಪಕ್ಕೆ ಕರೆಂಟು ಹೊಂದಿಸಿ ಕೊಡುವ ಸಾಧನ) ಅಲ್ಲಿ ನಡೆಯುವುದಿಲ್ಲ. ಕರೆಂಟಿನ ಫ್ರೀಕ್ವೆನ್ಸಿ ಟೋಕಿಯೊದಲ್ಲಿ 50 ಹರ್ಟ್ಜ್, ಒಸಾಕಾದಲ್ಲಿ 60. ಇಂಥದ್ದನ್ನು ಮೇಜಿನ ಮುಂದೆ ಕೂತೇ ನೋಡಿಕೊಳ್ಳುತ್ತೇನೆ. ಆದರೆ ಸೋಫಾ ಎರಡಡಿ ಸರಿದಿದ್ದು, ಪೇಂಟಿಂಗ್ ಬದಲಾಗಿದ್ದು, ಮಾರ್ಬಲ್ ಅಂದುಕೊಂಡದ್ದಕ್ಕಿಂತ ಜಾಸ್ತಿ ಹೊಳೆಯುವುದು ಯಾವ ಡ್ರಾಯಿಂಗ್‌ನಲ್ಲೂ ಇರುವುದಿಲ್ಲ.

ಫಿಟ್ಟಿಂಗ್ ಬದಲಾಗಿದ್ದರೆ ಅದೂ ಗೊತ್ತಾಗುವುದು ಆಗಲೇ. ‘ಸರ್, ಅಷ್ಟೇ ವ್ಯಾಟ್, ಅಷ್ಟೇ ಲುಮೆನ್’ ಅಂತ ಕಾಂಟ್ರ್ಯಾಕ್ಟರ್ ಅಗ್ಗದ್ದು ಹಾಕಿರುತ್ತಾರೆ. ಬೀಮ್ ಮಾತ್ರ 10 ಡಿಗ್ರಿಯ ಬದಲು 24. ಅಷ್ಟೇ ಬೆಳಕು ಅಗಲಕ್ಕೆ ಹರಡಿತಲ್ಲ, ನಡುವಿನ ತೀವ್ರತೆ ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ. ವಿಗ್ರಹ ಮಂಕು, ಹಿಂದಿನ ಗೋಡೆಯೆಲ್ಲ ಬೆಳಕು. ಈ ವ್ಯತ್ಯಾಸ ಬಿಲ್ಲಿನಲ್ಲಿ ಕಾಣುವುದಿಲ್ಲ, ಕತ್ತಲಾದ ಮೇಲೆ ಎಲ್ಲರಿಗೂ ಕಾಣುತ್ತದೆ.

ಹೀಗಾಗಿ ನಮ್ಮ ಕೆಲಸದ ಗಡಿಯಾರ ಸೂರ್ಯಾಸ್ತ. ಸಿಂಗಪುರದಲ್ಲಿ ವರ್ಷವಿಡೀ ಏಳರ ಆಸುಪಾಸಿಗೆ ಹೊತ್ತು ಮುಳುಗುತ್ತದೆ. ಟೋಕಿಯೊದಲ್ಲಿ ಜೂನ್‌ನಲ್ಲಿ ಏಳಕ್ಕೆ, ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ. ಚಳಿಗಾಲಕ್ಕೆ ಹೋದರೆ ಎರಡೂವರೆ ಗಂಟೆ ಜಾಸ್ತಿ ಸಿಕ್ಕಿದ ಹಾಗೆ. ಓಪನಿಂಗ್ ಹತ್ತಿರವಿದ್ದಾಗ ಪೇಂಟರ್‌ಗಳೂ ಬಡಗಿಗಳೂ ರಾತ್ರಿಯಿಡೀ ಫ್ಲಡ್‌ಲೈಟ್ ಹಾಕಿಕೊಂಡು ದುಡಿಯುತ್ತಿರುತ್ತಾರೆ. ಅವರಿಗೆ ಬೆಳಕು ಬೇಕು, ನಮಗೆ ಕತ್ತಲೆ ಬೇಕು. ಯಾವ ಜಾಗ ಯಾವ ರಾತ್ರಿ ನಮ್ಮದು ಎಂದು ಸೈಟ್ ಎಂಜಿನಿಯರ್ ಹತ್ತಿರ ಮೊದಲೇ ಬರೆಸಿಕೊಳ್ಳದಿದ್ದರೆ ಆ ರಾತ್ರಿ ಹೋಯಿತು. ಸಿಂಗಪುರದಲ್ಲಿ ಒಂದು ಗಂಟೆಗೆ ಕೆಲಸ ಮುಗಿದರೆ ಬೆಂಗಳೂರಿನಲ್ಲಿ ಹತ್ತೂವರೆ, ಮನೆಯವರು ಇನ್ನೂ ಎದ್ದಿರುತ್ತಾರೆ. ಈ ಅಲೆದಾಟದಲ್ಲಿ ಆ ಫೋನು ನನಗೆ ದೊಡ್ಡ ಆಸರೆ.

ಫೋಕಸಿಂಗ್ ಆದ ಮೇಲೆ ಡಿಮ್ಮಿಂಗ್, ಅಂದರೆ ಪ್ರತಿ ದೀಪದ ಬೆಳಕನ್ನು ಬೇಕಾದಷ್ಟಕ್ಕೆ ತಗ್ಗಿಸುವುದು. ಹೆಚ್ಚಿನ ಕಡೆ ಬಳಸುವ ಡಾಲಿ (DALI) ಎಂಬ ಡಿಜಿಟಲ್ ಕಂಟ್ರೋಲ್‌ನಲ್ಲಿ ಒಂದು ಲೈನಿಗೆ 64 ವಿಳಾಸ, 16 ಸೀನ್. ಸೀನ್ ಅಂದರೆ ಯಾವ ದೀಪ ಎಷ್ಟು ಬೆಳಗಬೇಕು ಅಂತ ಮೊದಲೇ ಹೊಂದಿಸಿಟ್ಟದ್ದು. ಇಲ್ಲಿ ಮೀಟರ್ ಒಂದನ್ನೇ ನಂಬಬಾರದು. ಬೆಳಕು ಅಳೆಯುವ ಲಕ್ಸ್ ಮೀಟರ್ ಪೂರ್ತಿ ಬೆಳಕಿನ ಶೇ 10ರಷ್ಟೇ ತೋರಿಸಿದರೂ ಕಣ್ಣಿಗೆ ಅದು ಸುಮಾರು ಮೂರನೇ ಒಂದು ಭಾಗದಷ್ಟು ಬೆಳಕು ಅನ್ನಿಸುತ್ತದೆ. ಹಾಗಾಗಿ ಪ್ರೋಗ್ರಾಮರ್ ಪಕ್ಕದಲ್ಲಿ ಕೂತು, ಕಣ್ಣು ಕತ್ತಲೆಗೆ ಒಗ್ಗಿದ ಮೇಲೇ ಪ್ರತಿ ಸೀನ್ ಹೊಂದಿಸುತ್ತೇನೆ.

ನನಗೆ ತುಂಬ ಮುಖ್ಯವಾದ ಜಾಗ ಕಡಲತೀರ. ಬಾಲಿ, ಮಲೇಷ್ಯಾದ ತೆರೆಂಗಾನು ಕರಾವಳಿಗಳಲ್ಲಿ ಕಡಲಾಮೆಗಳು ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಗೂಡಿನಿಂದ ಹೊರಬಂದ ಮರಿ ಬೆಳಕು ಜಾಸ್ತಿ ಇರುವ ಕಡೆ ಹರಿಯುತ್ತದೆ. ಕತ್ತಲ ತೀರದಲ್ಲಿ ಅದು ಸಮುದ್ರದ ಕಡೆ. ರೆಸಾರ್ಟಿನ ಬಿಳಿ ದೀಪ ಕಂಡರೆ ಮರಿ ದಾರಿ ತಪ್ಪಿ, ಸುಸ್ತಾಗಿ, ಬಿಸಿಲಿಗೋ ನಾಯಿ ಬಾಯಿಗೋ ಸಿಕ್ಕಿ ಸಾಯುತ್ತದೆ. ದೀಪ ತಗ್ಗಿನಲ್ಲಿರಬೇಕು, ಮರೆಯಿರಬೇಕು, 560 ನ್ಯಾನೊಮೀಟರ್‌ಗಿಂತ ಉದ್ದ ಅಲೆಯ ಅಂಬರ್ ಬಣ್ಣದ್ದಾಗಿರಬೇಕು. ಇಷ್ಟನ್ನೂ ಡ್ರಾಯಿಂಗ್‌ನಲ್ಲಿ ಬರೆಯಬಹುದು. ಸರಿಯಾಗಿದೆಯೇ ಅಂತ ತಿಳಿಯಲು ರಾತ್ರಿ ನೀರಿನಂಚಿಗೆ ಹೋಗಿ, ಮರಿಯಷ್ಟೇ ಎತ್ತರಕ್ಕೆ ಮರಳಲ್ಲಿ ಮಲಗಿ, ಕಟ್ಟಡದ ಕಡೆ ನೋಡಬೇಕು. ಯಾವುದೋ ಬಾಲ್ಕನಿಯ ಒಂದು ಬಲ್ಬು ಬೆತ್ತಲೆಯಾಗಿ ಕಂಡೇ ಕಾಣುತ್ತದೆ.

ಕೊನೆಗೆ ಮೆಂಟೆನೆನ್ಸ್ ಹುಡುಗರ ಜೊತೆ ಒಂದು ಸುತ್ತು. ಧೂಳು ಒರೆಸುವಾಗ ದೀಪ ತಿರುಗಿಬಿಡುತ್ತದೆ. ಮಾರ್ಕರ್ ಗುರುತು ಎಲ್ಲಿದೆ ಅಂತ ಗೊತ್ತಿದ್ದರೆ ಅವರೇ ಸರಿ ಮಾಡುತ್ತಾರೆ. ನೀವು ಕಟ್ಟಿಸುವವರಾದರೆ ಇದಕ್ಕೆಲ್ಲ ಬೇಕಾದ ದಿನಗಳನ್ನು ಒಪ್ಪಂದದಲ್ಲೇ ಬರೆಸಿ. ಪೀಠೋಪಕರಣ ಬಂದ ಮೇಲೆ, ಮೊದಲ ಅತಿಥಿ ಬರುವ ಮುಂಚೆ.