ಪಲ್ಸಾರ್ ಗ್ಲಿಚ್‌ಗಳು: ಒಂದೊಂದು ತಾರೆಯ ಲೆಕ್ಕವೂ ಬೇರೆ

ಪಲ್ಸಾರ್ ಎಂದರೆ ಗಿರಗಿರನೆ ತಿರುಗುತ್ತ, ಸುತ್ತಿಗೊಮ್ಮೆ ಮಿಡಿತ ಕಳಿಸುವ ನ್ಯೂಟ್ರಾನ್ ತಾರೆ. ವೇಲಾ ಪಲ್ಸಾರ್‌ಗೆ ಒಂದು ಸುತ್ತು ಮುಗಿಸಲು 89 ಮಿಲಿಸೆಕೆಂಡ್ ಸಾಕು. ಅದು ನಿಧಾನವಾಗುತ್ತಿರುವುದರಿಂದ ಈ ಅವಧಿ ದಿನಕ್ಕೆ ಸುಮಾರು 11 ನ್ಯಾನೊಸೆಕೆಂಡಿನಷ್ಟು ಹಿಗ್ಗುತ್ತದೆ. 1969ರಲ್ಲಿ ಈ ಅವಧಿ ಇದ್ದಕ್ಕಿದ್ದಂತೆ ಸುಮಾರು 200 ನ್ಯಾನೊಸೆಕೆಂಡ್ ಕುಗ್ಗಿತು. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ಇದನ್ನು ಕಂಡವರಲ್ಲಿ ವಿ. ರಾಧಾಕೃಷ್ಣನ್ ಒಬ್ಬರು, ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಇಂಥ ಜಿಗಿತವೇ ಗ್ಲಿಚ್.

ಕಾಗದ ತೆಗೆದುಕೊಂಡು ಭಾಗಿಸಿ ನೋಡಿ. 200 ನ್ಯಾನೊಸೆಕೆಂಡ್ ಎಂದರೆ 18 ದಿನಗಳ ನಷ್ಟ ಒಂದೇ ಏಟಿಗೆ ತುಂಬಿಬಂದಂತೆ. ವೇಲಾದಲ್ಲಿ ದೊಡ್ಡ ಗ್ಲಿಚ್ ಸುಮಾರು ಮೂರು ವರ್ಷಕ್ಕೊಮ್ಮೆ ಬರುತ್ತದೆ. ಆದ್ದರಿಂದ ಕಳೆದುಕೊಂಡ ವೇಗದಲ್ಲಿ ಮರಳುವುದು ಶೇ. 1.6ರಷ್ಟು ಮಾತ್ರ. ಈ ಪುಟ್ಟ ಸಂಖ್ಯೆ ನನಗೆ ಬಹಳ ಇಷ್ಟ: ಕಣ್ಣಿಗೆ ಕಾಣದ ಒಳಪದರವೊಂದು ವೇಗವನ್ನು ಕೂಡಿಟ್ಟುಕೊಂಡಿದೆ ಎಂಬುದಕ್ಕೆ ಅದೇ ಸುಳಿವು. ಅತಿದ್ರವ (ಘರ್ಷಣೆಯಿಲ್ಲದೆ ಹರಿಯುವ) ನ್ಯೂಟ್ರಾನ್‌ಗಳ ಸುಳಿಗಳು ಹೊರಚಿಪ್ಪಿನ ಪರಮಾಣು ಬೀಜಗಳಿಗೆ ಸಿಕ್ಕಿಕೊಂಡು, ಒಮ್ಮೆಗೇ ಕಳಚಿಕೊಳ್ಳುತ್ತವೆ ಎಂದು ಆ್ಯಂಡರ್ಸನ್ ಮತ್ತು ಇಟೊ 1975ರಲ್ಲಿ ಸೂಚಿಸಿದರು.

ಈಗ ಕಾಯುವ ಕಾಲ. ಎರಡು ಗ್ಲಿಚ್‌ಗಳ ನಡುವಿನ ಅಂತರಗಳನ್ನು ಬರೆದುಕೊಂಡು ಸರಾಸರಿ, ಮಾನಕ ವಿಚಲನೆ (ಅಂತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಎರಡನ್ನೂ ಕಂಡುಹಿಡಿಯಿರಿ. ಎರಡೂ ಹೆಚ್ಚುಕಡಿಮೆ ಸಮನಾದರೆ ಘಟನೆಗಳಿಗೆ ನೆನಪಿಲ್ಲ, ಅಂದರೆ ಹಿಂದಿನದಕ್ಕೂ ಮುಂದಿನದಕ್ಕೂ ನಂಟಿಲ್ಲದ ಪಾಯ್ಸಾನ್ ಬಗೆಯವು ಎಂದು ಊಹಿಸಬಹುದು. ಏಡಿ ನೀಹಾರಿಕೆಯ ಪಲ್ಸಾರ್ ಸುಮಾರಾಗಿ ಹೀಗಿದೆ. ಅದರ ಗ್ಲಿಚ್‌ಗಳಲ್ಲಿ ಚಿಕ್ಕವು ಹೆಚ್ಚು, ದೊಡ್ಡವು ವಿರಳ. ವೇಲಾದಲ್ಲಿ ಹಾಗಲ್ಲ. ಅಲ್ಲಿ ವಿಚಲನೆ ಸರಾಸರಿಗಿಂತ ಸಾಕಷ್ಟು ಕಡಿಮೆ, ದೊಡ್ಡ ಗ್ಲಿಚ್‌ಗಳ ಗಾತ್ರವೂ ಒಂದೇ ಆಸುಪಾಸಿನಲ್ಲಿದೆ.

ನಾವು ಕಲಿಯುವವರು ಎಡವುವುದು ಇಲ್ಲಿಯೇ. ದತ್ತಾಂಶ ಸಾಲದೆಂದು ಎಲ್ಲ ತಾರೆಗಳ ಗ್ಲಿಚ್‌ಗಳನ್ನೂ ಒಂದೇ ನಕ್ಷೆಗೆ ಸುರಿದರೆ ಈ ಎರಡು ಸ್ವಭಾವಗಳೂ ಕಲಸಿಹೋಗುತ್ತವೆ. ತೀರಾ ಚಿಕ್ಕ ಗ್ಲಿಚ್‌ಗಳು ಅಳತೆಯ ಗದ್ದಲದಲ್ಲಿ ತಪ್ಪಿಹೋಗುವುದನ್ನೂ ಮರೆಯಬಾರದು.

ನಮ್ಮ ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಗೆಲನಿಕ್ ಮೋಡದಲ್ಲಿರುವ ಪಲ್ಸಾರ್ ಜೆ0537−6910 ಇನ್ನೂ ವಿಶೇಷ. 16 ಮಿಲಿಸೆಕೆಂಡಿನ ಈ ತಾರೆಗೆ ಸರಾಸರಿ ನೂರು ದಿನಗಳಿಗೊಂದು ಗ್ಲಿಚ್. ಈಗಿನದು ದೊಡ್ಡದಾದಷ್ಟೂ ಮುಂದಿನದು ತಡ. ತೊಟ್ಟಿಯೊಂದು ಯಾವಾಗಲೂ ಕಂಠಮಟ್ಟ ತುಂಬಿದಾಗಲೇ ಚೆಲ್ಲುತ್ತದೆ ಎಂದುಕೊಳ್ಳಿ. ಎಷ್ಟು ಚೆಲ್ಲಿತೋ ಅಷ್ಟು ಮತ್ತೆ ತುಂಬುವವರೆಗೂ ಕಾಯಬೇಕು. ಹಾಗಾಗಿ ಇದರ ಮುಂದಿನ ಗ್ಲಿಚ್ ಯಾವಾಗ ಎಂದು ಕೆಲವೇ ದಿನಗಳ ಹೆಚ್ಚುಕಡಿಮೆಯಲ್ಲಿ ಮುಂಚೆಯೇ ಹೇಳಬಹುದು. ವೇಲಾದ ಅಂಕಿಗಳಲ್ಲಿ ಇಂಥ ನಂಟು ಇಷ್ಟು ಬಲವಾಗಿ ಕಾಣುವುದಿಲ್ಲ.